ಶಶಿ ಬಿಟ್ಟುಹೋದ ತೋಟ

೧೮ ನವೆಂಬರ್ ೨೦೨೫, ಮಂಗಳವಾರ. ಗುಂಡ್ಲುಪೇಟೆ.

ಟೀವಿ ಗೇಮಿನ ಡಬ್ಬಿ ಇವತ್ತೂ ಅದನ್ನೇ ಕೇಳಿತು: ಅಪ್ಡೇಟ್ ಮಾಡಲೇ? 'ಆಮೇಲೆ' ಒತ್ತಿದೆ. ಈ ಮನೆಯಲ್ಲಿ ನನ್ನನ್ನು ಏನಾದರೂ ಕೇಳುವುದು ಈಗ ಅದೊಂದೇ.

ನನ್ನ ಹೆಂಡತಿ ಶಶಿರೇಖಾ ತೀರಿಹೋಗುವ ತನಕ ಆಡಿದ ತೋಟದ ಆಟ ಅದರೊಳಗಿದೆ. ಡಬ್ಬಿಯ ಫ್ಯಾನು ಕಿರುಗುಟ್ಟುತ್ತಿದೆ, ಆಯುಧಪೂಜೆಗೆ ಅವಳೇ ಬಳಿದ ವಿಭೂತಿ ಒಳಗಿಳಿದಿರಬೇಕು. ಡಬ್ಬಿ ಕೆಟ್ಟರೆ ತೋಟವೂ ಹೋಯಿತು, ನಕಲು ತೆಗೆಯಲು ಅದು ಬಿಡುವುದಿಲ್ಲ. ರಿಪೇರಿಯ ರವಿಕುಮಾರ, "ಮುಟ್ಬೇಡಿ ಸಾ. ಈ ಹಳೇ ವರ್ಷನ್‌ಗೆ ಯಾರಾದ್ರೂ ಬೀಗ ಒಡಿಯೋ ಹ್ಯಾಕ್ ಬುಟ್ರೆ ಅಮ್ಮಾವ್ರ ಆಟನ ಪೆನ್‌ಡ್ರೈವ್‌ಗೆ ತಗೀಬೋದು. ಅಪ್ಡೇಟ್ ಮಾಡುದ್ರೆ ಆ ದಾರಿ ಮುಚ್ಚೋಯ್ತದೆ" ಅಂದಿದ್ದಾನೆ. ಆ ಹ್ಯಾಕು ಯಾವಾಗ ಬರುತ್ತದೋ ಅವನಿಗೂ ಗೊತ್ತಿಲ್ಲ.

ಸಂಜೆ ತೆರಕಣಾಂಬಿಯಿಂದ ಅವಳ ತಮ್ಮ ಮಲ್ಲಿಕಾರ್ಜುನನ ಫೋನು. "ಅಪ್ಡೇಟ್ ಮಾಡ್ಬುಡಿ ಭಾವ, ಮಾಡ್ದೆ ಆನ್‌ಲೈನ್ ಬರಕಿಲ್ಲ. ಇಬ್ರೂ ಕ್ರಿಕೆಟ್ ಆಡನ. ಅಕ್ಕನ ಬದನೆಗಿಡಕ್ಕೆ ಎಷ್ಟ್ ದಿನ ಕಾವಲು ಕುಂತೀರಿ?"

ನಗು ಬಂತು. ಹೆಚ್ಚು ಹೊತ್ತು ಉಳಿಯಲಿಲ್ಲ. ಹಿಂದೆಮುಂದೆ ನೋಡುವವನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಗಾದೆ: ಹಿ ಹೂ ಹೆಸಿಟೇಟ್ಸ್ ಈಸ್... ಮುಂದೆ ಏನೋ ಇತ್ತು, ಮರೆತೆ.

"ಅಪ್ಡೇಟ್ ಬ್ಯಾಡ ಕಣೋ. ಭಾನುವಾರ ಬಸ್ಸತ್ತಿ ಬಾ, ಒಂದೇ ಟೀವಿ ಮುಂದೆ ಕುಂತು ಆಡನ" ಅಂದೆ.

"ನೋಡನ ಭಾವ" ಅಂದ.

ಶಶಿ ಆಟ ಆಡುತ್ತಿದ್ದ ರಿಮೋಟನ್ನು ಒರೆಸಿ, ಅವನಿಗೆಂದು ಚಾರ್ಜಿಗೆ ಇಟ್ಟಿದ್ದೇನೆ.