ಪೊರೆ ಮೆತ್ತಗಿದ್ದ ನಿಮಗೆ

ನೆಲಮನೆ ಊರು, ಕೃಷ್ಣೆಯ ಬಲದಂಡೆ
ಶಾಖಶಕೆ ಇನ್ನೂರ ಹನ್ನೆರಡು, ಎಂಟನೆಯ ತಿಂಗಳ ನಲವತ್ತೊಂದನೆಯ ದಿನ

ಇಪ್ಪತ್ತೊಂದನೆಯ ಶತಮಾನದ ಹಿರಿಯರಿಗೆ ತುಂಗವ್ವ ಮಾಡುವ ವಂದನೆಗಳು.

ತಾರೀಖು ನೋಡಿ ನಗಬೇಡಿ. ಬಿಸಿಲು ಏರಿದ ವರ್ಷದಿಂದ ಶಾಖಶಕೆ ಎಣಿಸತೊಡಗಿದ ನಮ್ಮವರು ಹಳೆಯ ಕ್ಯಾಲೆಂಡರನ್ನು ಬಿಟ್ಟು ವರ್ಷವನ್ನು ಒಂಬತ್ತು ಉದ್ದನೆಯ ತಿಂಗಳುಗಳಾಗಿ ಹಂಚಿಕೊಂಡರು. ಹಾಗಾಗಿ ನಲವತ್ತೊಂದನೆಯ ದಿನವೆಂಬುದು ನಮಗೆ ಸಹಜ. ನಿಮ್ಮ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು. ಓದುವಾಗ ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾದರೆ ಮನ್ನಿಸಿ. ನಮ್ಮ ಕಾಲದ ಪದ ಬಂದಲ್ಲಿ ಅರ್ಥ ಹೇಳುತ್ತ ಹೋಗುತ್ತೇನೆ. ಇನ್ನೊಂದು ಮಾತು. "ನೀವೆಲ್ಲ ಚೆನ್ನಾಗಿರಿ" ಎಂದು ಈ ಕಾಗದದ ಮೊದಲಿಗೆ ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ. ಸುಳ್ಳು ಬರೆಯಲು ಮನಸ್ಸು ಬರಲಿಲ್ಲ. ನಿಮ್ಮನ್ನು ನೆನೆದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ.

ನಿಮ್ಮ ವಿಮಾನಕ್ಕೂ ಅಲ್ಲ, ನಿಮ್ಮ ಮಾವಿನಹಣ್ಣಿಗೂ ಅಲ್ಲ. ನಿಮ್ಮ ಮೈಯ ಒಂದೊಂದು ಜೀವಕೋಶವನ್ನೂ ಸುತ್ತಿಕೊಂಡಿರುವ ಆ ತೆಳ್ಳನೆಯ ಪೊರೆಗೆ. ನಿಮ್ಮಲ್ಲಿ ಎಷ್ಟು ಜನ ಅದನ್ನು ಒಮ್ಮೆಯಾದರೂ ನೆನೆದಿದ್ದೀರಿ, ಹೇಳಿ ನೋಡೋಣ! ಶಾಲೆಯಲ್ಲಿ ಚಿತ್ರ ಬರೆದು, ಹೆಸರು ಗುರುತಿಸಿ, ಪರೀಕ್ಷೆ ಮುಗಿದ ಸಂಜೆಗೇ ಮರೆತಿರುತ್ತೀರಿ. ಅದು ಕೊಬ್ಬಿನ ಕಣಗಳ ಎರಡು ಸಾಲು. ಎದುರುಬದುರು ಕುಳಿತ ಎರಡು ಪಂಕ್ತಿಯವರು ಕಾಲುಗಳನ್ನು ನಡುವಿಗೆ ಚಾಚಿಕೊಂಡ ಹಾಗೆ, ನೀರೆಂದರೆ ಆಗದ ಬಾಲಗಳು ಒಳಮುಖವಾಗಿ, ನೀರನ್ನು ಬಯಸುವ ತಲೆಗಳು ಹೊರಮುಖವಾಗಿ. ಅವು ಕುಳಿತಲ್ಲೇ ಕುಳಿತಿರುವುದೂ ಇಲ್ಲ. ಸದಾ ಜಾರುತ್ತ, ಜಾಗ ಬದಲಿಸುತ್ತ ಇರುತ್ತವೆ. ಅವುಗಳ ನಡುವೆ ಅಲ್ಲಲ್ಲಿ ಪ್ರೋಟೀನುಗಳು ತೇಲುತ್ತವೆ. ನಾವು ಅವುಗಳನ್ನು ಕದಗಳು ಎನ್ನುತ್ತೇವೆ. ಒಂದು ಕದ ಸಕ್ಕರೆಗೆ, ಒಂದು ನೀರಿಗೆ. ಇನ್ನೊಂದು ಮೂರು ಸೋಡಿಯಂ ಕಣಗಳನ್ನು ಹೊರಗೆ ನೂಕಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆ ಎಳೆದುಕೊಳ್ಳುತ್ತದೆ, ಹುಟ್ಟಿದಂದಿನಿಂದ ಸಾಯುವತನಕ. ಮತ್ತೆ ಕೆಲವು ಏನನ್ನೂ ಒಳಗೆ ಬಿಡುವುದಿಲ್ಲ. ಬಾಗಿಲಿಗೆ ಬಂದವರ ಸುದ್ದಿಯನ್ನಷ್ಟೇ ಒಳಗೆ ಮುಟ್ಟಿಸುತ್ತವೆ. ಇಷ್ಟೆಲ್ಲ ನಿಮಗೆ ಕೇಳದೆ ಸಿಕ್ಕಿತ್ತು. ನೀವು ಮಲಗಿ ಗೊರಕೆ ಹೊಡೆಯುತ್ತಿದ್ದಾಗಲೂ ಅದು ನಡೆಯುತ್ತಿತ್ತು.

ನಮ್ಮ ಕಥೆ ಬೇರೆ. ಶಾಖಶಕೆಯ ಮೊದಲ ವರ್ಷಗಳಲ್ಲಿ ಇಲ್ಲಿನ ಬಿಸಿಲಿಗೆ ಜನರ ಪೊರೆ ಸಡಿಲವಾಗಿ ಸೋರತೊಡಗಿತಂತೆ. ಹೊಲಕ್ಕೆ ಹೋದವರು ಹೊಲದಲ್ಲೇ ಬಿದ್ದರು. ಆಗಿನ ವೈದ್ಯರು ಹಸುಗೂಸುಗಳ ಪೊರೆಯ ಕೊಬ್ಬನ್ನೇ ಬದಲಾಯಿಸುವ ವಿದ್ಯೆ ಕಂಡುಕೊಂಡರು. ಬಾಲಗಳು ಒತ್ತೊತ್ತಾಗಿ ಕೂತು ಪೊರೆ ಬಿಗಿಯಾಯಿತು. ಹಾಗೆ ಬದುಕುಳಿದವರನ್ನು ಗಟ್ಟಿಗರು ಎಂದರು. ನಿಮ್ಮ ಕಾಲದಲ್ಲಿ ಅದು ಹೊಗಳಿಕೆಯ ಮಾತಾಗಿತ್ತಂತೆ. ನಾನು ಅಂಥ ಗಟ್ಟಿಗಿತ್ತಿ. ನಡುಮಧ್ಯಾಹ್ನ ಬರಿತಲೆಯಲ್ಲಿ ಹೊಳೆಯವರೆಗೆ ನಡೆದು ಬರಬಲ್ಲೆ. ಆದರೆ ಬಿಗಿದ ಪೊರೆಯಲ್ಲಿ ಕದಗಳು ತಾವಾಗಿ ಆಡುವುದಿಲ್ಲ. ಅದಕ್ಕೆ ಕದಮದ್ದು ಬೇಕು. ಬೆಳಗಿನ ಗಂಟೆಗೆ ಸಕ್ಕರೆಕದದ ಮದ್ದು; ಅದು ಹತ್ತುವ ಮೊದಲು ಉಂಡರೆ ಉಂಡದ್ದು ರಕ್ತದಲ್ಲೇ ಅಲೆಯುತ್ತದೆ. ರೊಟ್ಟಿಗೆ ಮುಂಚೆ ರುಚಿಮದ್ದು. ಮರೆತರೆ ರೊಟ್ಟಿಯೂ ಒಂದೇ, ಗೋಣಿಚೀಲವೂ ಒಂದೇ. ಮಗುವನ್ನೋ ಮೊಮ್ಮಗುವನ್ನೋ ಎತ್ತಿಕೊಳ್ಳುವುದಿದ್ದರೆ ಅಕ್ಕರೆಮದ್ದು; ಅದು ಎರಡು ತಾಸು ಇರುತ್ತದೆ. ಯಾರೂ ಇದನ್ನು ಕಷ್ಟವೆಂದು ತಿಳಿಯುವುದಿಲ್ಲ. ನೀವು ಹಲ್ಲುಜ್ಜುತ್ತಿದ್ದಿರಲ್ಲ, ಹಾಗೆ.

ನನಗೂ ಕಷ್ಟವೆನಿಸುತ್ತಿರಲಿಲ್ಲವೇನೋ, ಕಸ್ತೂರಿ ಇಲ್ಲದಿದ್ದರೆ. ಕಸ್ತೂರಿ ನನ್ನ ತಂಗಿ, ಹದಿನೆಂಟು ವರ್ಷ ಚಿಕ್ಕವಳು. ಅವಳು ಹುಟ್ಟಿದ ತಿಂಗಳು ನಮ್ಮ ಊರಿನ ಮದ್ದಿನ ಮನೆಯ ತಂಪುಪೆಟ್ಟಿಗೆ ಕೆಟ್ಟು ಕೂಸುಗಳ ಪೊರೆ ಬಿಗಿಸುವ ಮದ್ದೆಲ್ಲ ಹಾಳಾಯಿತು. ಆ ತಿಂಗಳು ಹುಟ್ಟಿದ ಒಂದೇ ಕೂಸು ಅವಳು. ಹೊಸ ಮದ್ದು ಬರುವಷ್ಟರಲ್ಲಿ ಹೊತ್ತು ಮೀರಿ ಅವಳ ಪೊರೆ ಮೆತ್ತಗೇ ಉಳಿಯಿತು. ಬಿಸಿಲು ಏರಿದರೆ ಅವಳು ತಂಪುಕೋಣೆ ಸೇರಬೇಕು. ಊರೆಲ್ಲ ಅವಳಿಗಾಗಿ ಮರುಗಿತು, ನಾನೂ ಎಲ್ಲರೆದುರು ಮರುಗಿದೆ. ಒಳಗೊಳಗೆ ಉರಿದೆ. ಅವಳು ಯಾವ ಮದ್ದೂ ಇಲ್ಲದೆ ಹಸಿವೆಂದು ಅಳುತ್ತಿದ್ದಳು. ಹುಣಸೆಹಣ್ಣು ಕಂಡರೆ ಸಾಕು, ನಾಲಗೆಗೆ ಮುಟ್ಟಿಸುವ ಮೊದಲೇ ಅವಳ ಬಾಯಲ್ಲಿ ನೀರೂರುತ್ತಿತ್ತು. ನಮ್ಮವ್ವ ತೀರಿಕೊಂಡ ದಿನ ಸುದ್ದಿ ತಂದವರು ಮಾತು ಮುಗಿಸುವ ಮೊದಲೇ ಅವಳು ನೆಲಕ್ಕೆ ಬಿದ್ದು ಅತ್ತಳು. ನಾನು ಮದ್ದಿನ ಮನೆಗೆ ಹೋಗಿ, ಸಾಲಿನಲ್ಲಿ ನಿಂತು, ಅಳುಮದ್ದು ತೆಗೆದುಕೊಂಡು, ಅದು ಹತ್ತುವತನಕ ಬೆಂಚಿನ ಮೇಲೆ ಕಾದು ಕುಳಿತು, ನಲವತ್ತು ನಿಮಿಷ ಅತ್ತು ಮುಖ ತೊಳೆದುಕೊಂಡು ಬಂದೆ. ಅವ್ವ ಇಬ್ಬರಿಗೂ ಅವ್ವನೇ ಆಗಿದ್ದಳು. ಅವತ್ತು ಕಸ್ತೂರಿಯ ಊದಿದ ಕಣ್ಣು ನೋಡಿ ನನಗೆ ಬಂದದ್ದು ಕನಿಕರವಲ್ಲ.

ಈಗ ಕಸ್ತೂರಿಗೆ ಮಗಳು ಹುಟ್ಟಿದ್ದಾಳೆ. ಇಲ್ಲಿ ನಮ್ಮ ಒಂದು ಪದ್ಧತಿಯನ್ನು ಹೇಳಬೇಕು; ಅದಕ್ಕೆ ಕಾರಣ ನೀವೇ. ಬಹಳ ಹಿಂದೆ ಹೊಳೆಯ ಹೂಳು ತೆಗೆಯುವಾಗ ನಿಮ್ಮ ಕಾಲದ ಲಾರಿಯೊಂದರ ತಗಡು ಸಿಕ್ಕಿತು. ಅದರ ಮೇಲೆ ಹಳದಿ ಅಕ್ಷರದಲ್ಲಿ "ತಾಯೇ ಪೊರೆ" ಎಂದಿತ್ತು. ನಮಗೆ ಪೊರೆ ಎಂದರೆ ಜೀವಕೋಶದ ಪೊರೆ ಒಂದೇ. ತಾಯಿಯೇ ಮಗುವಿನ ಪೊರೆ ಎಂದು ಹಿರಿಯರು ಶಾಸನ ಬರೆದಿಟ್ಟಿದ್ದಾರೆ, ಲಾರಿಗೆ ಕಟ್ಟಿ ಊರೂರಿಗೆ ಸಾರಿದ್ದಾರೆ ಎಂದು ನಮ್ಮವರು ನಂಬಿದರು. ತಾಯಿಯೇ ಪೊರೆಯಾದ ಮೇಲೆ ಪೊರೆಯ ತೀರ್ಪನ್ನು ತಾಯಿ ಹೇಳುವುದು ಸರಿಯೇ ಎಂದು ವಾದ ನಡೆಯಿತು. ಕೊನೆಗೆ ಆ ಅಧಿಕಾರ ತಾಯಿಯ ಅಕ್ಕನಿಗೆ, ಅಂದರೆ ಮಗುವಿನ ದೊಡ್ಡವ್ವನಿಗೆ ಬಂತು. ಹೆಸರಿಡುವ ದಿನ ದೊಡ್ಡವ್ವ ತೊಟ್ಟಿಲ ಮುಂದೆ ನಿಂತು "ಗಟ್ಟಿ" ಅಥವಾ "ಮೆತ್ತಗೆ" ಎಂದು ಒಂದೇ ಮಾತು ಹೇಳಬೇಕು. ಪೊರೆ ಎಂದರೆ ಕಾಪಾಡು ಎಂಬ ಅರ್ಥವೂ ಇತ್ತು, ಯಾರೋ ಡ್ರೈವರ್ ದೇವಿಗೆ ಮೊರೆಯಿಟ್ಟು ಬರೆಸಿದ್ದಷ್ಟೇ ಎಂದು ಶಾಲೆಯ ಸಂಗನಬಸಪ್ಪ ಮಾಸ್ತರರು ಹತ್ತು ವರ್ಷದ ಹಿಂದೆ ತೋರಿಸಿಕೊಟ್ಟರು. ಎಲ್ಲರೂ ನಕ್ಕರು. ಪದ್ಧತಿ ಹಾಗೇ ಉಳಿಯಿತು.

ನನ್ನ ತಲೆಮಾರಿನಲ್ಲಿ "ಗಟ್ಟಿ" ಎನ್ನದೆ ಗತಿಯಿರಲಿಲ್ಲ. ಈಗ ಬಿಸಿಲು ಇಳಿದಿದೆ. ಮೆತ್ತಗಿನವರೂ ಮುಂಜಾನೆ, ಸಂಜೆ ಹೊರಗೆ ಓಡಾಡಬಹುದು, ನಡುಹಗಲಷ್ಟೇ ತಂಪುಕೋಣೆ. ಹೆಸರಿಡುವ ಹಿಂದಿನ ದಿನ ಕಸ್ತೂರಿ ನನ್ನ ಕೈ ಹಿಡಿದು, "ಅಕ್ಕಾ, ಇಕಿ ಮೆತ್ತಗs ಇರ್ಲಿ. ಬಿಸಲಾಗ ನನ್ನ ಕೂಡ ಕೋಣ್ಯಾಗ ಕುಂದರ್ತಾಳ. ನಾ ಎಲ್ಲಾ ಕಂಡೀನಿ, ಏನೂ ಅಂಜಿಕಿಲ್ಲ" ಎಂದಳು. ನಾನು ಹೂಂ ಎಂದೆ. ಅವತ್ತು ನಾನು ಅಕ್ಕರೆಮದ್ದು ತೆಗೆದುಕೊಂಡೇ ಹೋಗಿದ್ದೆ. ತೊಟ್ಟಿಲಲ್ಲಿದ್ದ ಕೂಸು ನನ್ನ ಬೆರಳು ಹಿಡಿದುಕೊಂಡಿತು. ಅದರ ಮೈಮೇಲಿನ ಸಣ್ಣ ರೋಮಗಳು ಗಾಳಿಗೆ ಎದ್ದು ನಿಂತಿದ್ದವು, ಯಾರನ್ನೂ ಕೇಳದೆ. ಇವಳೂ ತನ್ನ ತಾಯಿಯ ಹಾಗೆ ಎಲ್ಲವನ್ನೂ ಪುಕ್ಕಟೆ ಪಡೆಯುತ್ತಾಳೆ, ನಾನು ಇವಳನ್ನೂ ನೋಡುತ್ತ ಮುದುಕಿಯಾಗಬೇಕು ಎನ್ನಿಸಿತು. ಮರುದಿನ ತೊಟ್ಟಿಲ ಮುಂದೆ ನಿಂತು "ಗಟ್ಟಿ" ಎಂದೆ.

ಬಯ್ದಿದ್ದರೆ ಬಚಾವಾಗುತ್ತಿದ್ದೆ. ಕಸ್ತೂರಿ ಬಂದು ನನ್ನ ಕಾಲು ಮುಟ್ಟಿದಳು. "ನಾ ನನ್ನದಷ್ಟs ನೋಡಿದ್ನಿ ಅಕ್ಕಾ. ಆಕಿ ಹೊರಗ ಅಡ್ಡಾಡ್ಲಿ, ನಾಕು ಮಂದೀಗತೆ ಇರ್ಲಿ ಅಂತ ನೀ ವಿಚಾರ ಮಾಡಿದಿ. ಹೆತ್ತಾಕಿ ನಾ, ಖರೇ ಅವ್ವ ನೀ" ಎಂದಳು. ನೆರೆದವರು ಕಣ್ಣೊರೆಸಿಕೊಂಡರು, ಅಂದರೆ ಮದ್ದು ತೆಗೆದುಕೊಂಡು ಬಂದಿದ್ದವರು.

ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ಒಂದು ಸಂಗತಿ ಓದಿ ನಾನು ಪುಸ್ತಕ ಮುಚ್ಚಿಟ್ಟಿದ್ದೆ. ಮೈಯ ಸಂದೇಶಗಳಲ್ಲಿ ಎರಡು ಜಾತಿ. ಅಕ್ಕರೆಯ ಸಂದೇಶ ಕೊಬ್ಬಿನ ಪೊರೆಯನ್ನು ದಾಟಲಾರದು. ಹೊರಗಿನ ಕದಕ್ಕೆ ಬಂದು ತಟ್ಟಬೇಕು, ಕದ ಕೇಳಿಸಿಕೊಳ್ಳಬೇಕು. ಸಂಕಟದ ಒಂದು ಸಂದೇಶವಿದೆ, ಅದು ಸ್ವತಃ ಕೊಬ್ಬಿನ ಜಾತಿಯದು. ಅದಕ್ಕೆ ಕದವೂ ಬೇಡ, ಮದ್ದೂ ಬೇಡ. ಎಣ್ಣೆಯಲ್ಲಿ ಎಣ್ಣೆ ಬೆರೆತ ಹಾಗೆ ನೇರ ಒಳಗಿಳಿಯುತ್ತದೆ, ಗಟ್ಟಿಗರಲ್ಲೂ. ಐವತ್ತೆಂಟು ವರ್ಷದಲ್ಲಿ ನನಗೆ ಮದ್ದಿಲ್ಲದೆ ಒದಗಿಬಂದದ್ದು ಈ ಕಿಚ್ಚು ಒಂದೇ. ಅದನ್ನು ಜೋಪಾನ ಮಾಡಿದ್ದೇನೆ ಎಂದರೂ ತಪ್ಪಿಲ್ಲ. ನನ್ನದೆನ್ನಲು ಬೇರೇನೂ ಇರಲಿಲ್ಲ.

ದೊಡ್ಡವ್ವ ಆಡಿದ ಮಾತನ್ನು ಒಂಬತ್ತು ದಿನದೊಳಗೆ ಹಿಂತೆಗೆದುಕೊಳ್ಳಬಹುದು. ಆದರೆ ಯಾಕೆ ಹಾಗೆ ಹೇಳಿದೆ ಎಂಬುದನ್ನು ಮಗುವಿನ ತಾಯಿಯ ಎದುರು ಬಾಯಿಬಿಟ್ಟು ಹೇಳಬೇಕು. ಇಂದು ಎಂಟನೆಯ ದಿನ. ನಾಳೆ ಮುಂಜಾನೆ ಕೂಸನ್ನು ಮದ್ದಿನ ಮನೆಗೆ ಒಯ್ಯುತ್ತಾರೆ. ಒಮ್ಮೆ ಬಿಗಿದ ಪೊರೆಯನ್ನು ಮತ್ತೆ ಸಡಿಲಿಸುವ ವಿದ್ಯೆ ನಮ್ಮಲ್ಲಿಲ್ಲ. ಎಂಟು ದಿನದಿಂದ ಕಿಚ್ಚು ಎಂಬ ಆ ಒಂದು ಪದ ನನ್ನ ನಾಲಗೆಗೆ ಬರುತ್ತಿಲ್ಲ. ಅದಕ್ಕೇ ನಿಮಗೆ ಬರೆದೆ. ನೀವು ಸತ್ತು ಮುನ್ನೂರು ವರ್ಷವಾಗಿದೆ, ಉತ್ತರ ಬರೆಯಲಾರಿರಿ, ಎದುರು ನಿಂತು ಮುಖ ನೋಡಲಾರಿರಿ ಎಂಬ ಧೈರ್ಯ. ನಿಮಗೆ ಎಚ್ಚರಿಕೆ ಕೊಡಲು ನಾನು ಯಾರು? ನಿಮ್ಮ ಪೊರೆಗೆ ನೀವು ಕೈಹಚ್ಚದಿದ್ದರೆ ಸಾಕು.

ಈಗ ಸಂಜೆ ಐದು ಗಂಟೆ. ಅಳುಮದ್ದೂ ಇಲ್ಲದೆ, ಅಕ್ಕರೆಮದ್ದೂ ಇಲ್ಲದೆ, ಬರಿಗೈಯಲ್ಲಿ ಕಸ್ತೂರಿಯ ಕೋಣೆಗೆ ಹೊರಟಿದ್ದೇನೆ. ಕಿಚ್ಚಿನಿಂದ ಹಾಗೆ ಹೇಳಿದೆ, ಮಗು ಮೆತ್ತಗೇ ಇರಲಿ ಎನ್ನುತ್ತೇನೆ. ಅವಳು ಸಿಟ್ಟಾಗಿ, ಅತ್ತು, ಅದೇ ಗಳಿಗೆಯಲ್ಲಿ ನನ್ನನ್ನು ಕ್ಷಮಿಸಿಯೂ ಬಿಡುತ್ತಾಳೆ, ನನಗೆ ಗೊತ್ತು. ಹಾಗೆ ಸಲೀಸಾಗಿ ಕ್ಷಮಿಸಲು ಬರುತ್ತದಲ್ಲ ಇವಳಿಗೆ ಎಂದು ಅದಕ್ಕೂ ನನಗೆ ಹೊಟ್ಟೆ ಉರಿಯುತ್ತದೆ.

ಇಂತು,
ತುಂಗವ್ವ