ಅಕ್ಕ ಮನೆಗೆ ಬಂದ ಮೇಲೆ ಓದುವ ಪುಸ್ತಕ

ನೆಲದಡಿ ಪೇಟೆ, ಗದಗ
ಉರಿವರ್ಷ, ಹದಿಮೂರನೆಯ ತಿಂಗಳು, ಮೂವತ್ತೆಂಟನೆಯ ದಿನ

ನಮ್ಮ ಹಿರಿಯರೆ,

ಮೇಲಿನ ತಾರೀಖು ನೋಡಿ ಇವನಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಬೇಸಿಗೆ ಮುಗಿಯದೆ ತಿಂಗಳು ಮುಗಿಸುವಂತಿಲ್ಲ ಎಂಬುದು ನಮ್ಮ ಕಾಲದ ಕಾನೂನು. ಹಾಗಾಗಿ ಈ ತಿಂಗಳು ಇನ್ನೂ ಎಳೆಯುತ್ತಲೇ ಇದೆ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕನ್ನಡವನ್ನು ನಾನು ಕಿವಿಯಿಂದ ಕಲಿತವನು. ಈ ಪತ್ರ ಹಿಂದಂಚೆಯಲ್ಲಿ ಬರುತ್ತದೆ. ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಅದು ಹೇಗೆ ಹೋಗುತ್ತದೆಂದು ನಮಗೂ ಸರಿಯಾಗಿ ತಿಳಿಯದು, ತಲುಪಿತೆಂದು ಉತ್ತರವೂ ಈವರೆಗೆ ಬಂದಿಲ್ಲ.

ನಾನು ಫಕ್ಕೀರಪ್ಪ, ಪುಸ್ತಕದ ವ್ಯಾಪಾರಿ. ನಿಮ್ಮ ಕಾಗದವನ್ನೆಲ್ಲ ಗೆದ್ದಲು ತಿಂದು ಮುಗಿಸಿತು. ಪರದೆಯೊಳಗೆ ಇಟ್ಟ ಪುಸ್ತಕಗಳಿಗೆ ನೀವು ಬೀಗ ಹಾಕಿದ್ದಿರಿ, ಅದನ್ನು ತೆರೆಯುವ ಗುಟ್ಟಿನ ಪದ ನಿಮ್ಮ ಜೊತೆಗೇ ಮಣ್ಣಾಯಿತು. ಉಳಿದದ್ದು ನೀವು ಒಬ್ಬರಿಗೊಬ್ಬರು ಫೋನಿನಲ್ಲಿ ಓದಿ ಕಳಿಸಿದ ಪುಸ್ತಕಗಳು ಮಾತ್ರ. ಹಳೆಯ ಫೋನುಗಳನ್ನು ಅಗೆದು ತೆಗೆದು, ಅವುಗಳ ದನಿಯನ್ನು ಮಣ್ಣಿನ ಪುಟ್ಟ ಗಿಂಡಿಗಳಿಗೆ ತುಂಬುತ್ತೇವೆ. ದನಿಗಿಂಡಿಯನ್ನು ಕಿವಿಗೆ ಹಿಡಿದರೆ ಸಾಕು, ಓದು ಶುರುವಾಗುತ್ತದೆ. ಈಚಿನ ಪುಸ್ತಕ ಎಂದರೆ ನಮ್ಮಲ್ಲಿ ಈಚೆಗೆ ಅಗೆದು ತೆಗೆದದ್ದು. ಪ್ರತಿ ಬೇಸಿಗೆಯ ಕೊನೆಗೆ ವ್ಯಾಪಾರಿಯು ಅಂಗಡಿಯ ಬಾಗಿಲಲ್ಲಿ ನಿಂತು ತನಗೆ ಹಿಡಿಸಿದವನ್ನು ಹೆಸರಿಸಬೇಕು. ಸುಳ್ಳು ಹೊಗಳಿದರೆ ಗಿರಾಕಿ ಮುಂದಿನ ಬೇಸಿಗೆಗೆ ಬರುವುದಿಲ್ಲ.

ಈ ಸಲ ನನಗೆ ಹಿಡಿಸಿದ್ದರಲ್ಲಿ ಒಂದು ಮಾವಿನ ಗಿಡ ನೆಡುವ ಪುಸ್ತಕ. ಯಾರೋ ಒಬ್ಬರು ತಮ್ಮ ಬೀಗರಿಗೆ ಓದಿ ಹೇಳುತ್ತ, ಪುಟಕ್ಕೊಮ್ಮೆ ನಿಲ್ಲಿಸಿ, "ಇದನ್ನ ಬರದಾಂವ ಜಲ್ಮದಾಗ ಗಿಡಾ ಹಚ್ಚಿಲ್ಲ ಬಿಡ್ರೀ" ಎಂದು ಬೈಯುತ್ತಾರೆ. ಮಾವು ಹೇಗಿತ್ತೋ ನಾವು ಕಾಣೆವು, ಬೈಗುಳ ಮಾತ್ರ ರುಚಿಯಾಗಿದೆ. ಇನ್ನೊಂದು ಪತ್ತೇದಾರಿ ಕಾದಂಬರಿ. ಕೊಲೆಗಾರನ ಹೆಸರು ಬರುವ ಹೊತ್ತಿಗೇ ದೊಡ್ಡ ಸೀಟಿಯೊಂದು ಕೇಳಿಸಿ, "ಯವ್ವಾ, ಕುಕ್ಕರ್ ಕೂಗಾಕತ್ತೈತಿ, ಬಂದ್ ಮಾಡ" ಎಂದು ಓದುವವಳೇ ಕಿರಿಚುತ್ತಾಳೆ. ಕುಕ್ಕರನೇ ಕೊಲೆಗಾರ ಎಂದು ಪೇಟೆಯೆಲ್ಲ ನಂಬಿದೆ. ಅದು ಅನ್ನ ಬೇಯಿಸುವ ಪಾತ್ರೆ ಎಂದು ನಾನು ಹೇಳಿದರೆ ನನ್ನನ್ನೇ ದಡ್ಡನನ್ನಾಗಿ ಮಾಡುತ್ತಾರೆ.

ಆದರೆ ನಾನು ಪತ್ರ ಬರೆಯಲು ಕೂತದ್ದು ಇವುಗಳಿಗಾಗಿ ಅಲ್ಲ. ಇನ್ನೊಂದು ಗಿಂಡಿ ಇದೆ. ನನ್ನ ಅಜ್ಜನ ಕಾಲದಲ್ಲೇ ಅಗೆದು ತೆಗೆದದ್ದು, ಆದರೂ ಈ ವರ್ಷ ಅದನ್ನು ಕೇಳಿದಷ್ಟು ಬೇರೆ ಯಾವುದನ್ನೂ ಕೇಳಿಲ್ಲ. ಪದ್ಮಿ ಎಂಬ ಹೆಣ್ಣುಮಗಳು ಆಸ್ಪತ್ರೆಯಲ್ಲಿದ್ದ ತನ್ನ ಅಕ್ಕನಿಗೆ ದಿನಾ ಸ್ವಲ್ಪ ಸ್ವಲ್ಪ ಓದಿ ಕಳಿಸಿದ ಕಾದಂಬರಿ ಅದು. ಅದರಲ್ಲಿ ಬಹಳ ಕಾಲ ಮುಚ್ಚಿದ್ದ ಬಾವಿಯೊಂದರ ಬಾಯಿ ತೆರೆದು ಒಬ್ಬಳು ಕೊಡ ಇಳಿಬಿಡುತ್ತಾಳೆ. ಜಗ್ಗಿದರೆ ಹಗ್ಗ ಬರುವುದಿಲ್ಲ. ಕೆಳಗೆ ಯಾರೋ ಹಿಡಿದುಕೊಂಡಿದ್ದಾರೆ. ನಡುನಡುವೆ ಅಕ್ಕನ ದನಿಯೂ ಬರುತ್ತದೆ. "ಪದ್ಮೀ, ಮುಂದ ಓದಲೇ, ನರ್ಸ್ ಬರೂದ್ರಾಗ ಹಗ್ಗಾ ಜಗ್ಗಿಸಿಬಿಡು." ಅದಕ್ಕೆ ಪದ್ಮಿ ಹೇಳುತ್ತಾಳೆ: "ಇವತ್ತ ಇಷ್ಟ ಸಾಕು. ಉಳದದ್ದು ನೀ ಮನೀಗೆ ಬಂದ ಮ್ಯಾಲೆ ಓದತೀನಿ. ಇಲ್ಲಂದ್ರ ನೀ ಅಲ್ಲೇ ಕುಂತಬಿಡತಿ."

ಅಲ್ಲಿಗೆ ಓದು ನಿಂತಿತು. ಆ ಕಥೆಯ ಕೊನೆ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಈ ಗಿಂಡಿ ಸಿಕ್ಕಂದಿನಿಂದ ಗದಗಿನಲ್ಲಿ ಯಾವ ಪುಸ್ತಕ ಕೇಳಿ ಮುಗಿಸಿದರೂ ಗಿಂಡಿ ಕೆಳಗಿಡುವಾಗ "ಅಕ್ಕ ಮನೀಗೆ ಬರ್ಲಿ" ಎನ್ನುವುದು ರೂಢಿಯಾಗಿದೆ. ಚಿಕ್ಕ ಮಕ್ಕಳೂ ಅರ್ಥ ತಿಳಿಯದೆ ಅನ್ನುತ್ತವೆ.

ನನ್ನ ಹೆಂಡತಿ ಹುಲಿಗೆವ್ವನ ಕಿವಿ ಬಹಳ ಸೂಕ್ಷ್ಮ. ಪದ್ಮಿ ಮಾತು ನಿಲ್ಲಿಸಿದ ಮೇಲೆ ಬರುವುದು ಬರೀ ಮೌನವಲ್ಲ ಎಂದು ಮೊದಲು ಕಂಡುಕೊಂಡವಳು ಅವಳೇ. ಫೋನು ಬಂದ್ ಮಾಡುವುದನ್ನು ಪದ್ಮಿ ಮರೆತಿದ್ದಾಳೆ. ಗಿಂಡಿಯನ್ನು ಕಿವಿಗೆ ಒತ್ತಿ ಹಿಡಿದರೆ ಪುಟ ತಿರುಗುವ ಸದ್ದು ಕೇಳಿಸುತ್ತದೆ. ಮತ್ತೊಂದು ಪುಟ, ಮತ್ತೊಂದು. ಅಕ್ಕನಿಗೆ ಹೇಳದೆ ಅವಳೊಬ್ಬಳೇ ಮನಸ್ಸಿನಲ್ಲಿ ಓದಿ ಮುಗಿಸಿದ್ದಾಳೆ. ಒಂದು ಪುಟದ ಹತ್ತಿರ ಅವಳ ಗಂಟಲಿನಿಂದ ಏನೋ ಹೊರಟಿತು. ಅದು ನಗು ಎಂದು ನಾನು, ಅಳು ಎಂದು ಹುಲಿಗೆವ್ವ. ನಮ್ಮ ಮದುವೆಯಾದಾಗಿನಿಂದ ಈ ಜಗಳ ಬಗೆಹರಿದಿಲ್ಲ. ಕೊನೆಗೆ ಪುಸ್ತಕ ಮುಚ್ಚಿದ ಸದ್ದು ಬರುತ್ತದೆ.

ಹುಲಿಗೆವ್ವನಿಗೆ ದೂಳುಕೆಮ್ಮು ಹಿಡಿದಿದೆ. ಈ ತಿಂಗಳು ಮುಗಿಯುವಷ್ಟರಲ್ಲಿ ಅವಳು ಇರುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಊಟ ಬೇಡ ಅನ್ನುತ್ತಾಳೆ, ನೀರೂ ಬೇಡ ಅನ್ನುತ್ತಾಳೆ. ಬಾವಿಯೊಳಗೆ ಯಾರಿದ್ದರು ಎಂಬುದೊಂದು ತಿಳಿಯಬೇಕು ಅಷ್ಟೆ. ನನಗೆ ಸಂಕಟ ತಡೆಯಲಾಗದೆ, ಕೊನೆಯ ಪುಟದ ಗಿಂಡಿ ಸಿಕ್ಕಿತೆಂದು ಹೇಳಿ ನಾನೇ ಒಂದು ಕೊನೆ ಕಟ್ಟಿ ಹೇಳಿದೆ: ಹಗ್ಗ ಹಿಡಿದು ಒಂದು ಕೂಸು ಮೇಲೆ ಬಂತು ಎಂದು. ಅವಳು ಗೋಡೆಯ ಕಡೆ ಹೊರಳಿದಳು. "ಇದು ನೀ ಕಟ್ಟಿದ್ದು. ಪದ್ಮಿ ದನಿ ಇದರಾಗ ಇಲ್ಲ" ಎಂದಳು. ನಾಚಿಕೆಗಿಂತ ಹೆಚ್ಚಾಗಿ ನನಗೆ ಹೊಟ್ಟೆಕಿಚ್ಚಾಯಿತು. ಯಾವ ಕಾಲದಲ್ಲೋ ಇದ್ದ ಹೆಣ್ಣುಮಗಳನ್ನು ಇವಳು ನನಗಿಂತ ಹೆಚ್ಚು ನಂಬುತ್ತಾಳಲ್ಲ ಎಂದು.

ಪದ್ಮಿಯವರೆ, ಈ ಪತ್ರ ನಿಮಗೇ ಸಿಗಲೆಂದು ಬೇಡಿಕೊಳ್ಳುತ್ತೇನೆ. ನಿಮ್ಮನ್ನು ಬಲ್ಲವರ ಕೈಗೆ ಸಿಕ್ಕರೂ ಅವರು ನಿಮಗೆ ಮುಟ್ಟಿಸಲಿ. ನಿಮ್ಮ ಅಕ್ಕ ಮನೆಗೆ ಬಂದಿದ್ದರೆ ಎದುರಿಗೇ ಕೂತು ಓದಿರುತ್ತೀರಿ, ಫೋನು ಬೇಕಾಗಿರಲಿಕ್ಕಿಲ್ಲ. ಬಾರದೆ ಹೋಗಿದ್ದರೆ ಆ ಪುಸ್ತಕವನ್ನು ನೀವು ಮತ್ತೆ ಮುಟ್ಟಿರಲಿಕ್ಕಿಲ್ಲ. ಎರಡರಲ್ಲಿ ಯಾವುದಾಗಿದ್ದರೂ ನಮಗೆ ಕೇಳಿಸುವುದು ಅದೇ ಮೌನ. ನೀವು ಮಾತು ಕೊಟ್ಟದ್ದು ಅಕ್ಕನಿಗೆ, ಅದನ್ನು ಮುರಿಯಿರಿ ಎಂದು ಕೇಳುವ ಹಕ್ಕು ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಆ ಪುಸ್ತಕವನ್ನು ಇನ್ನೊಮ್ಮೆ ತೆಗೆಯಿರಿ. ಹಗ್ಗ ಬಿಗಿದು ನಿಂತ ಸಾಲಿನಿಂದ ಹಿಡಿದು ಕೊನೆಯವರೆಗೆ ಫೋನಿನೆದುರು ಬಾಯಿಬಿಟ್ಟು ಓದಿ. ದನಿ ನಡುಗಿದರೆ ನಡುಗಲಿ, ಸೀಟಿ ಕೂಗಿದರೆ ಕೂಗಲಿ.

ನೀವು ಓದಿದಿರಾದರೆ ನಮ್ಮ ಗಿಂಡಿಯಲ್ಲಿ ಪುಟದ ಸದ್ದಿರುವ ಕಡೆ ನಿಮ್ಮ ಮಾತು ಬಂದೀತು ಎಂದು ಹುಲಿಗೆವ್ವನ ನಂಬಿಕೆ. ಅವಳಿಗೆ ಈಗ ಕೈ ಎತ್ತಲು ತ್ರಾಣವಿಲ್ಲ. ಗಿಂಡಿಯನ್ನು ಅವಳ ಕಿವಿಗೆ ನಾನೇ ಹಿಡಿದು ಕೂತಿದ್ದೇನೆ.

ಅಕ್ಕ ಮನೆಗೆ ಬರಲಿ.

ಫಕ್ಕೀರಪ್ಪ