ಬೀಳದ ಮರ ಮತ್ತು ಇನ್ನೂರ ತೊಂಬತ್ತೆರಡು ರನ್

ನಮ್ಮ ಭಾಗದ ವಿದ್ಯುತ್ ಶಾಖಾಧಿಕಾರಿಗಳಾದ ಮಾನ್ಯರೇ,

ಟೆಸ್ಟ್ ಪಂದ್ಯದಲ್ಲಿ ನಮ್ಮ ಬ್ಯಾಟ್ಸ್‌ಮನ್ ಇನ್ನೂರ ತೊಂಬತ್ತೆರಡು ರನ್ ಗಳಿಸಿ ಆಡುತ್ತಿರುವಾಗಲೇ ನಮ್ಮ ಮನೆಯ ಕರೆಂಟ್ ಏಕೆ ಹೋಗುತ್ತದೆ? ಫೋನಿನಲ್ಲಿ ಕೇಳಿದರೆ ನಿಮ್ಮ ಕಚೇರಿಯವರು ಲೈನ್ ಮೇಲೆ ಮರ ಬಿದ್ದಿದೆ ಎನ್ನುತ್ತಾರೆ. ಇದು ಜನವರಿ ತಿಂಗಳು ಸ್ವಾಮಿ. ತೋಟಗಳಲ್ಲಿ ಹಣ್ಣು ಕೊಯ್ಲು ನಡೆಯುತ್ತಿದೆ, ಕಣದಲ್ಲಿ ಹರಡಿದ ಕಾಫಿಯ ಮೇಲೆ ಬಿದ್ದ ತರಗೆಲೆ ಬಿದ್ದಲ್ಲೇ ಇದೆ, ಅಷ್ಟೂ ಗಾಳಿಯಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಇಲ್ಲದೆ ಕೂತಾಗ ಮಲ್ಲಂದೂರು ಕಡೆಯ ನಾವು ನಿಮ್ಮನ್ನು ಒಂದು ಮಾತು ಕೇಳಿದ್ದೇವೆಯೇ? ಆಗ ಮರ ಬೀಳುವುದು ನ್ಯಾಯ. ಆದರೆ ಸುಡುಬಿಸಿಲಿನಲ್ಲಿ ನೆಟ್ಟಗೆ ನಿಂತ ಮರವೊಂದು ಪ್ರತಿ ಸಲವೂ ಬ್ಯಾಟ್ಸ್‌ಮನ್ ದಾಖಲೆಯ ಹತ್ತಿರ ಬಂದಾಗಲೇ ಉರುಳುತ್ತದೆ ಎಂದರೆ, ಒಂದೋ ಆ ಮರಕ್ಕೆ ಸ್ಕೋರ್ ಗೊತ್ತಿದೆ, ಇಲ್ಲವೇ ನಿಮಗೆ ಗೊತ್ತಿದೆ.

ಟಿ.ವಿ.ಯಲ್ಲಿ ಕ್ರಿಕೆಟ್ ನೋಡಲಾಗಲಿಲ್ಲ ಎಂದು ಒಬ್ಬ ಹೆಂಗಸು ಸರ್ಕಾರಕ್ಕೆ ಪತ್ರ ಬರೆಯುವುದೇ ಎಂದು ತಾವು ನಗಬಹುದು. ನಗಿ. ಆದರೆ ನಮ್ಮ ಮಾವನ ವಿಷಯ ತಿಳಿದ ಮೇಲೆ ನಗಿ. ಮಾವ ಲಿಂಗಪ್ಪನವರು ಎಸ್ಟೇಟಿನಲ್ಲಿ ಟ್ರ್ಯಾಕ್ಟರ್ ಓಡಿಸಿ ನಿವೃತ್ತರಾದವರು. ಕಣದ ಮೂಲೆಯಲ್ಲಿ ರೇಡಿಯೋ ಇಟ್ಟುಕೊಂಡು ಟೆಸ್ಟ್ ಕಾಮೆಂಟರಿ ಕೇಳುತ್ತಲೇ ಆಯುಷ್ಯ ಕಳೆದವರು. ನಾನು ಸೊಸೆಯಾಗಿ ಬಂದಾಗ ಅವರ ಹತ್ತಿರ ಮಾತಾಡುವುದಕ್ಕೇ ಹೆದರುತ್ತಿದ್ದೆ. ಒಂದು ದಿನ ಹೊಲಿಗೆ ಯಂತ್ರ ತುಳಿಯುತ್ತಾ, ಈ ಪಿಚ್ಚಿನಲ್ಲಿ ಇನ್ನೊಬ್ಬ ಸ್ಪಿನ್ನರ್ ಬೇಕಿತ್ತು ಅಂದೆ. ಮಾವ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. ಅವತ್ತಿನಿಂದ ಈ ಮನೆಯಲ್ಲಿ ನಾವಿಬ್ಬರು ಒಂದು ಪಕ್ಷ. ನನ್ನ ಗಂಡ ಹರ್ಷವರ್ಧನ ಅತ್ತಿಗುಂಡಿಯಲ್ಲಿ ಪ್ರವಾಸಿಗರಿಗೆ ಜೀಪು ಓಡಿಸುತ್ತಾರೆ, ಅವರಿಗೆ ಓವರಿಗೆ ಎಷ್ಟು ಬಾಲ್ ಎಂಬುದೂ ಸರಿಯಾಗಿ ಗೊತ್ತಿಲ್ಲ.

ಈಗ ಮಾವನ ಕಣ್ಣಿನ ನರ ಸೋಲುತ್ತಿದೆ. ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನಷ್ಟು ಮಾತ್ರ ಕಾಣುತ್ತದೆ, ಅದೂ ಮಸುಕಾಗಿ ಕಿರಿದಾಗುತ್ತಿದೆ. ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗುವುದಿಲ್ಲ ಎಂದು ಹಾಸನದ ಡಾಕ್ಟರು ಹೇಳಿದ್ದಾರೆ. ಮಾವ ಜೀವಮಾನದಲ್ಲಿ ಎಷ್ಟೋ ದಾಖಲೆಗಳನ್ನು ಕಿವಿಯಿಂದ ಕೇಳಿದ್ದಾರೆ, ಒಂದನ್ನೂ ಆಗುವಾಗಲೇ ಕಣ್ಣಿನಿಂದ ನೋಡಿಲ್ಲ. ಒಂದನ್ನಾದರೂ ತೋರಿಸಬೇಕೆಂದು ನಾನು ಪಣ ತೊಟ್ಟಿದ್ದೇನೆ. ಅದಕ್ಕೆಂದೇ ದೊಡ್ಡ ಟಿ.ವಿ. ತರಿಸಿ, ಅವರ ಕುರ್ಚಿಯನ್ನು ಅದಕ್ಕೆ ಮೂಗು ತಾಗುವಷ್ಟು ಹತ್ತಿರ ಹಾಕಿದ್ದೇನೆ.

ಇನ್ನು ತಮ್ಮ ಇಲಾಖೆಯ ಪ್ರತಾಪಕ್ಕೆ ಬರೋಣ. ನಮ್ಮ ಹೊಸ ಆರಂಭಿಕ ಆಟಗಾರ ಈ ಸರಣಿಯಲ್ಲಿ ಬೆಂಕಿಯ ಹಾಗೆ ಆಡುತ್ತಿದ್ದಾನೆ. ಅವನ ಹೆಸರು ಬರೆಯುವುದಿಲ್ಲ, ಬರೆದರೆ ದೃಷ್ಟಿಯಾಗುತ್ತದೆ ಎಂಬುದು ಮಾವನ ಕಟ್ಟಪ್ಪಣೆ. ಮೊದಲ ಟೆಸ್ಟಿನಲ್ಲಿ ಅವನು ತೊಂಬತ್ತು ದಾಟಿದ. ಇಂಥ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಯಾರೂ ಕೂತ ಜಾಗ ಬಿಟ್ಟು ಏಳುವಂತಿಲ್ಲ. ಎದ್ದರೆ ವಿಕೆಟ್ ಬಿತ್ತೆಂದೇ ಲೆಕ್ಕ. ನಾನು ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆ. "ಉಕ್ಕಿದ್ರೆ ಉಕ್ಲಿ, ಏಳ್ಬೇಡ ಮಾರಾಯ್ತಿ" ಎಂದ ಮಾವ, ತಾವು ಮಾತ್ರ ಎಲೆಅಡಿಕೆ ಉಗಿಯಲೆಂದು ಹಿತ್ತಿಲಿಗೆ ಹೋದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಮಾವ ಒಳಗೆ ಬಂದು ರೇಡಿಯೋ ಹಚ್ಚಿದರು. ಪುಣ್ಯಕ್ಕೆ ಅದರಲ್ಲಿ ಹೊಸ ಸೆಲ್ ಇತ್ತು. ಶತಕವನ್ನು ಕಿವಿಯಲ್ಲಿ ಕೇಳಿದೆವು. ಎರಡನೇ ಟೆಸ್ಟಿನಲ್ಲಿ ಅವನು ಇನ್ನೂರರ ಹೊಸ್ತಿಲಲ್ಲಿದ್ದಾಗ ಮತ್ತೆ ಅದೇ ಕಥೆ. ಮೂರನೆಯದರಲ್ಲಿ ಇನ್ನೂರ ತೊಂಬತ್ತೆರಡು. ನಾನು ಕುರ್ಚಿಯ ತುದಿಯಲ್ಲಿ ಕೂತು ಬೆವರುತ್ತಿದ್ದೆ. ಕರೆಂಟ್ ಹೋಯಿತು. ಮುನ್ನೂರು ಆಯಿತೆಂದು ರೇಡಿಯೋ ಹೇಳಿದಾಗ ಮಾವ ಅತ್ತರು, ನಾನೂ ಅತ್ತೆ. ಅವರದು ಸಂತೋಷಕ್ಕೆ, ನನ್ನದು ತಮ್ಮ ಮೇಲಿನ ಸಿಟ್ಟಿಗೆ. ಕರೆಂಟ್ ಬಂದಾಗ ಪರದೆಯ ಮೇಲೆ ಆಟಗಾರರು ನಿಂತು ನೀರು ಕುಡಿಯುತ್ತಿದ್ದರು.

ಮೂರು ಸಲವೂ ಎದುರು ಗುಡ್ಡದ ಹೋಂಸ್ಟೇಯಲ್ಲಿ ಹಾಡು ಕೇಳುತ್ತಿತ್ತು, ಹಗಲಿನಲ್ಲೂ ದೀಪ ಉರಿಯುತ್ತಿತ್ತು. ಅದೇ ಲೈನು, ಅದೇ ಟ್ರಾನ್ಸ್‌ಫಾರ್ಮರು. ಬಿದ್ದ ಮರ ಹೋಂಸ್ಟೇಯ ತಂತಿಯನ್ನು ಜೋಪಾನವಾಗಿ ತಪ್ಪಿಸಿ ನಮ್ಮ ತಂತಿಯ ಮೇಲೆ ಮಾತ್ರ ಬಿತ್ತೆಂದು ನಂಬಲೇ? ಮೂರನೇ ಟೆಸ್ಟಿನ ಅದೇ ದಿನ ಬೆಳಿಗ್ಗೆ ತಮ್ಮ ಲೈನ್‌ಮನ್ ಜವರಯ್ಯ ನಮ್ಮ ಮನೆ ಮುಂದೆ ಬೈಕ್ ನಿಲ್ಲಿಸಿ, ಕಾಫಿ ಕುಡಿದು, "ಎಷ್ಟಾಯ್ತು ಸ್ಕೋರು, ಇನ್ನೂ ಅವ್ನೇ ಆಡ್ತಿದಾನಾ?" ಎಂದು ಕೇಳಿದ. ಸ್ಕೋರಿಗೂ ಲೈನ್‌ಮನ್‌ನಿಗೂ ಏನು ಸಂಬಂಧ? ದೂರು ಕೊಟ್ಟರೆ ಮೊಬೈಲಿನಲ್ಲಿ ನೋಡಿ ಎಂದು ನಿಮ್ಮ ಕಚೇರಿಯಿಂದ ಸಲಹೆ ಬೇರೆ. ಇಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ನೀರಿನ ತೊಟ್ಟಿಯ ಹತ್ತಿರದ ಒಂದೇ ಮೂಲೆಯಲ್ಲಿ, ಅಂಗೈಯಗಲದ ಪರದೆಯಲ್ಲಿ ಮಾವನಿಗೆ ಬಾಲೂ ಕಾಣದು, ಬ್ಯಾಟೂ ಕಾಣದು. ಹೈಲೈಟ್ಸ್ ನೋಡಿ ಎಂದರು. ಅದು ಆರಿದ ಕಾಫಿಯನ್ನು ಬಿಸಿ ಮಾಡಿ ಕುಡಿದ ಹಾಗೆ. ಆದುದರಿಂದ ಈ ಪಿತೂರಿಯ ತನಿಖೆಯಾಗಬೇಕು, ಮೊದಲನೆಯದಾಗಿ ಜವರಯ್ಯನನ್ನು ಅಮಾನತಿನಲ್ಲಿಡಬೇಕು ಎಂದು ಒತ್ತಾಯಿಸುತ್ತೇನೆ.

ಮಾನ್ಯರೇ, ಇಲ್ಲಿಯವರೆಗಿನದನ್ನು ಮೊನ್ನೆ ಬರೆದು ಮುಗಿಸಿದ್ದೆ. ಬಹಿರಂಗ ಪತ್ರವೆಂದು ಪತ್ರಿಕೆಗೆ ಕಳಿಸುವ ಮೊದಲು ಮಾವನಿಗೆ ಓದಿ ಹೇಳಿದೆ, ಅವರಿಗೆ ಈಗ ಅಕ್ಷರ ಕಾಣುವುದಿಲ್ಲ. ಮರಕ್ಕೆ ಸ್ಕೋರ್ ಗೊತ್ತಿದೆ ಎಂದಲ್ಲಿ ನಕ್ಕರು. ಹೋಂಸ್ಟೇ ಬಂದಾಗ ತಲೆ ಅಲ್ಲಾಡಿಸಿದರು. ಜವರಯ್ಯನ ಅಮಾನತು ಬಂದಾಗ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದರು.

"ಆ ಸಾಲು ತೆಗಿ."

"ಎಂತಕ್ಕೆ ಮಾವ? ಅವನೇ ಮಾಡಿದ್ದು."

"ಅವ ಮಾಡಿದ್ದಲ್ಲ. ಪಾಪ, ಮಕ್ಕಳೊಂದಿಗ. ಕೆಲಸ ಹೋದ್ರೆ ಎಂತ ಮಾಡ್ತಾನೆ?"

"ಹಾಗಾದ್ರೆ ಯಾರು ಮಾಡಿದ್ದು?"

ಮಾವ ಟಿ.ವಿ.ಯ ಕಡೆ ಮುಖ ತಿರುಗಿಸಿದರು. ಅದು ಹಚ್ಚಿರಲಿಲ್ಲ. ಆಮೇಲೆ ಹೇಳಿದರು, "ಹಿತ್ತಿಲ ಗೋಡೇಲಿ ಮೇನ್ ಸ್ವಿಚ್ ಇದೆಯಲ್ಲ ಪ್ರೇಮಾ. ಅದನ್ನ ಕೆಳಗೆ ಮಾಡಿದ್ದು ನಾನು. ಮೂರು ಸಲಾನೂ."

ಅವರೇ ಮುಂದುವರಿಸಿದರು. "ನಾನು ಕಣ್ಣಿಟ್ಟು ನೋಡಿದ್ರೆ ಔಟಾಗ್ತಾರೆ ಕಣಮ್ಮ. ಟಿ.ವಿ. ಬಂದಾಗಿಂದ ನೋಡ್ತಿದೀನಿ, ಎಷ್ಟು ಜನ ನನ್ನೆದುರು ತೊಂಬತ್ತರಲ್ಲಿ ಹೋಗಿದಾರೆ ಗೊತ್ತಾ? ರೇಡಿಯೋದಲ್ಲಿ ಕೇಳಿದ್ರೆ ಎಂತ ಆಗಲ್ಲ. ಈ ಹುಡುಗ ಒಳ್ಳೇ ಆಟ ಆಡ್ತಿದಾನೆ. ನನ್ನಿಂದ ಅವನಿಗೆ ಯಾಕೆ ಕೆಡಬೇಕು?"

"ಅಷ್ಟಕ್ಕೆ ಕರೆಂಟ್ ಯಾಕೆ ತೆಗೀಬೇಕು? ಎದ್ದು ಹೊರಗೆ ಹೋಗಿ ಕೂತಿದ್ರೆ ಆಗ್ತಿತ್ತಲ್ಲ?"

"ನೀನು ಬಿಡ್ತಿದ್ಯಾ? ಮಾವ ನೋಡಿ, ಮಾವ ನೋಡಿ ಅಂತ ಕೈ ಹಿಡಿದು ಎಳ್ಕೊಂಡು ಬಂದು ಕೂರಿಸ್ತಿದ್ದೆ."

ಬಿಡುತ್ತಿರಲಿಲ್ಲ, ಅದು ನಿಜ. ಯಾರೂ ಏಳಬಾರದೆಂದು ಶಾಸನ ಮಾಡಿದ ಮಾವನೇ ಎದ್ದು ಹೋದದ್ದನ್ನು ಮೂರು ಸಲ ಕಣ್ಣಾರೆ ಕಂಡಿದ್ದೇನೆ. ರೇಡಿಯೋಗೆ ಹೊಸ ಸೆಲ್ ಎಲ್ಲಿಂದ ಬಂತೆಂದು ಯೋಚಿಸಲಿಲ್ಲ. ತಮ್ಮ ಕಚೇರಿ, ಹೋಂಸ್ಟೇ, ಜವರಯ್ಯ, ಕೊನೆಗೆ ರಸ್ತೆ ಬದಿಯ ಮರಗಳನ್ನೂ ಅನುಮಾನಿಸಿದೆ, ನನ್ನ ಮನೆಯ ಹಿತ್ತಿಲ ಗೋಡೆಯನ್ನು ಅನುಮಾನಿಸಲಿಲ್ಲ. ಮಾವನ ಮೇಲೆ ಸಿಟ್ಟು ಬಂತು, ಅಳುವೂ ಬಂತು. ಮಾವನನ್ನು ಬೈದೆ. ಅವರು ಬೈಸಿಕೊಂಡರು.

ಹಾಗಾದರೆ ಪತ್ರವನ್ನು ಹರಿದು ಹಾಕಬಹುದಿತ್ತಲ್ಲ ಎನ್ನುವಿರಿ. ಹರಿಯುವವಳೇ ಇದ್ದೆ. ಆದರೆ ಕಾಗದ ಕೈಯಲ್ಲಿ ಹಿಡಿದಾಗ ಹೊಸ ಅನುಮಾನವೊಂದು ತಲೆಗೆ ಹೊಕ್ಕಿತು. ಸ್ವಿಚ್ ಕೆಳಗಾದದ್ದು ನಮ್ಮ ಹಿತ್ತಿಲಲ್ಲಿ. ಲೈನಿನಲ್ಲಿ ಏನೂ ಆಗಿರಲಿಲ್ಲ. ಹಾಗಿದ್ದರೆ ಮೂರು ಸಲವೂ ನಿಮ್ಮ ಕಚೇರಿಯವರು ಫೋನಿನಲ್ಲಿ ಹೇಳಿದ ಆ ಮರ ಎಲ್ಲಿ ಬಿತ್ತು? ಮರ ಕಡಿದು ತೆಗೆಯುವ ಕೆಲಸ ನಡೆಯುತ್ತಿದೆ ಎಂದರಲ್ಲ, ಯಾರು ಕಡಿದರು, ಯಾವ ಮರ ಕಡಿದರು? ಪ್ರತಿ ಸಲವೂ ಸಂಜೆ ನನ್ನ ಫೋನಿಗೆ "ನಿಮ್ಮ ದೂರನ್ನು ಪರಿಹರಿಸಲಾಗಿದೆ" ಎಂಬ ಸಂದೇಶ ಬಂದಿದೆ. ಸ್ವಿಚ್ ಮತ್ತೆ ಮೇಲೆ ಮಾಡಿ ಪರಿಹರಿಸಿದ್ದು ನಮ್ಮ ಮಾವ. ಅದರ ಹೆಸರು ಮಾತ್ರ ತಮ್ಮ ಇಲಾಖೆಗೆ. ಸರಿಯಾಗಿದ್ದ ಲೈನನ್ನೇ ಇಷ್ಟು ಸಲ ರಿಪೇರಿ ಮಾಡಿದವರು, ನಿಜವಾಗಿ ಹರಿದ ಲೈನನ್ನು ಮಳೆಗಾಲದಲ್ಲಿ ಎಷ್ಟು ರಿಪೇರಿ ಮಾಡಿರಬಹುದು? ಇದಕ್ಕೆ ತಾವು ಉತ್ತರ ಕೊಡಲೇಬೇಕು. ಜವರಯ್ಯನಿಗೆ ಮಾತ್ರ ಈ ಮೂಲಕ ಎಲ್ಲರೆದುರು ಕ್ಷಮೆ ಕೇಳುತ್ತೇನೆ. ಪಾಪ, ಅವನೂ ನಮ್ಮ ಹಾಗೆ ಸ್ಕೋರ್ ಕೇಳುವ ಮನುಷ್ಯ ಅಷ್ಟೇ.

ಇನ್ನು ನನ್ನ ಬೇಡಿಕೆ. ಮುಂದಿನ ಟೆಸ್ಟ್ ಗುರುವಾರ ಶುರುವಾಗುತ್ತದೆ. ಹುಡುಗ ಫಾರ್ಮಿನಲ್ಲಿದ್ದಾನೆ. ಮಾವನ ಕಣ್ಣಿಗೆ ಇದೇ ಕೊನೆಯ ಸರಣಿಯೋ ಏನೋ, ಯಾರು ಬಲ್ಲರು. ಆದ್ದರಿಂದ ಬುಧವಾರದೊಳಗೆ ಜವರಯ್ಯನನ್ನು ಕಳಿಸಿ ನಮ್ಮ ಮೇನ್ ಸ್ವಿಚ್ಚಿನ ಡಬ್ಬಿಗೆ ತಂತಿ ಸುತ್ತಿ, ಮೀಟರಿಗೆ ಹಾಕುವಂಥ ಇಲಾಖೆಯ ಸೀಸದ ಮೊಹರು ಒತ್ತಿಸಿ. ಬೀಗ ಹಾಕಿದರೆ ಮಾವ ಕೀಲಿ ಹುಡುಕುತ್ತಾರೆ. ಸರ್ಕಾರದ ಮೊಹರು ಮುರಿಯುವ ಧೈರ್ಯ ಅವರಿಗಿಲ್ಲ, ಎಸ್ಟೇಟಿನಲ್ಲಿ ಆಯುಷ್ಯವಿಡೀ ಹೇಳಿದ್ದನ್ನು ಕೇಳಿಯೇ ಅಭ್ಯಾಸ. ನಿಯಮದಲ್ಲಿ ಇದಕ್ಕೆ ಅವಕಾಶವಿಲ್ಲ ಎನ್ನಬೇಡಿ. ಬೀಳದ ಮರವನ್ನು ಕಡಿಯಲು ಯಾವ ನಿಯಮವಿತ್ತೋ ಅದರ ಪಕ್ಕದಲ್ಲೇ ಇದಕ್ಕೂ ಒಂದು ಸಿಗುತ್ತದೆ.

ಮಾವನಿಗೆ ಈ ಬೇಡಿಕೆಯನ್ನೂ ಓದಿ ಹೇಳಿದೆ. "ನಾನು ನೋಡಿ ಅವನು ಔಟಾದ್ರೆ ನನ್ನನ್ನ ಬೈಬಾರ್ದು ಮತ್ತೆ" ಎಂದರು.

"ಆದ್ರೆ ಆಗ್ಲಿ ಮಾವ" ಎಂದೆ. "ಔಟಾಗೋದನ್ನಾದ್ರೂ ನೋಡಿ."

ಇಂತಿ,
ತಮ್ಮ ಬೀಳದ ಮರದ ಬುಡವನ್ನು ಇನ್ನೂ ಹುಡುಕುತ್ತಿರುವ,
ಲಿಂಗಪ್ಪನವರ ಸೊಸೆ ಪ್ರೇಮಲತಾ